ಸೇವಾಪುಸ್ತಕ

ಬೆಂಗಳೂರಿನ ಪಶ್ಚಿಮ ಭಾಗದ ಮಹಾಲಕ್ಷ್ಮಿ ಲೇಔಟಿನಲ್ಲಿ ನಾನು ನೆಲೆಸಿ ಬಹಳ ವರ್ಷಗಳಾದುವು. ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯಸ್ವಾಮಿಯ ದೇವಾಲಯದಲ್ಲಿ ಬೆಳಗಿನ ಗಂಟೆ ಮೊಳಗುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ಜನಸಂಚಾರ ತೊಡಗುತ್ತದೆ. ಊಟದ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡ ಹೆಣ್ಣುಮಕ್ಕಳು ಗುಂಪುಗುಂಪಾಗಿ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳ ಕಡೆಗೆ ಹೊರಡುತ್ತಾರೆ. ಕೆಲವರು ಕಾರ್ಖಾನೆಯ ವ್ಯಾನಿನಲ್ಲಿ, ಕೆಲವರು ಬಸ್ಸಿನಲ್ಲಿ, ಹಲವರು ನಡೆದೇ ಹೋಗುತ್ತಾರೆ. 2014ರ ಮಾರ್ಚ್ ತಿಂಗಳಲ್ಲಿ ನಮ್ಮ ಬಡಾವಣೆಯ ಹೆಸರಿನ ಮೆಟ್ರೋ ನಿಲ್ದಾಣವೂ ತೆರೆಯಿತು. ಅದರ ಮೆಟ್ಟಿಲೇರುವ ಜನರಲ್ಲಿ ಕಂಪ್ಯೂಟರ್ ಕಚೇರಿಗಳಿಗೆ ಹೋಗುವ ತರುಣ ತರುಣಿಯರೇ ಹೆಚ್ಚು. ಇವರೆಲ್ಲರೂ ಕೆಲಸದ ಸ್ಥಳವನ್ನು ಸೇರಿದೊಡನೆ ಮಾಡುವ ಮೊದಲ ಕಾರ್ಯ ಒಂದೇ: ತಾವು ಬಂದಿದ್ದೇವೆಂದು ದಾಖಲಿಸುವುದು. ಹಿಂದೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಈಗ ಹಲವೆಡೆ ಯಂತ್ರದ ಗಾಜಿನ ಮೇಲೆ ಬೆರಳಿಡುತ್ತಾರೆ, ಇಲ್ಲವೇ ಅದರ ಕಣ್ಣಿಗೆ ಮುಖ ತೋರಿಸುತ್ತಾರೆ.

ನಮ್ಮ ಬಡಾವಣೆಯ ಹೆಸರಿನ ವಿಷಯದಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಕನ್ನಡದಲ್ಲಿ 'ಮಹಾಲಕ್ಷ್ಮಿ' ಎಂದು ಬರೆಯುವಾಗ ಯಾರಿಗೂ ಗೊಂದಲವಾಗುವುದಿಲ್ಲ. ಹೆಚ್ಚೆಂದರೆ ಕೊನೆಯ ಸ್ವರ ಹ್ರಸ್ವವೋ ದೀರ್ಘವೋ ಎಂದು ನನ್ನಂತಹ ಕನ್ನಡ ಮೇಷ್ಟರುಗಳು ಚರ್ಚಿಸಬಹುದು. ಆದರೆ ಅಂಗಡಿಗಳ ಇಂಗ್ಲಿಷ್ ಫಲಕಗಳನ್ನು ನೋಡುತ್ತ ಬನ್ನಿ. ಒಬ್ಬರು 'ಕ್ಷ' ಎಂಬುದಕ್ಕೆ 'ಕೆ, ಎಸ್, ಎಚ್' ಎಂಬ ಮೂರು ಅಕ್ಷರಗಳನ್ನು ಬಳಸಿದ್ದಾರೆ. ಪಕ್ಕದವರು ಒಂದೇ 'ಎಕ್ಸ್' ಸಾಕೆಂದಿದ್ದಾರೆ. ಅಂಚೆಯವನಿಗೆ ಇದರಿಂದ ತೊಂದರೆಯಿಲ್ಲ. ಎರಡೂ ಒಂದೇ ಊರೆಂದು ಅವನು ಬಲ್ಲ. ಆದರೆ ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರುಗಳು. ಈ ಸಣ್ಣ ವ್ಯತ್ಯಾಸದಿಂದ ಒಬ್ಬ ಹೆಣ್ಣುಮಗಳ ಹತ್ತು ವರ್ಷಗಳ ದುಡಿಮೆ ಕಾಣೆಯಾದ ಬಗೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ದಾಖಲೆಗಳು ಹೇಗೆ ಬೆಳೆದು ಬಂದುವೆಂಬುದನ್ನು ತಿಳಿಯುವುದು ಒಳ್ಳೆಯದು.

ಸರಕಾರಿ ನೌಕರನಾಗಿ ಸೇರಿದ ಪ್ರತಿಯೊಬ್ಬನಿಗೂ ಒಂದು ಸೇವಾಪುಸ್ತಕ ಇರುತ್ತದೆ. ಅದರ ಮೊದಲ ಪುಟದಲ್ಲಿ ನೌಕರನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಎತ್ತರ, ಮೈಮೇಲಿನ ಗುರುತುಗಳು ಇವೆಲ್ಲವನ್ನೂ ಬರೆದಿರುತ್ತಾರೆ. ಬೆರಳುಗಳ ಮುದ್ರೆಯನ್ನೂ ಒತ್ತಿಸಿಕೊಳ್ಳುತ್ತಾರೆ. ಮುಂದಿನ ಪುಟಗಳಲ್ಲಿ ಅವನು ಯಾವ ದಿನ ಸೇರಿದ, ಎಲ್ಲಿಗೆ ವರ್ಗವಾದ, ಯಾವ ವರ್ಷ ಎಷ್ಟು ವೇತನ ಬಡ್ತಿ ಪಡೆದ, ಎಷ್ಟು ದಿನ ರಜೆ ಹಾಕಿದ ಎಂಬ ವಿವರಗಳು ಸಾಲಾಗಿ ಬರುತ್ತವೆ. ಪ್ರತಿಯೊಂದು ನಮೂದಿನ ಮುಂದೆಯೂ ಮೇಲಧಿಕಾರಿಯ ಸಹಿ ಇರಬೇಕು. ಮೂವತ್ತೈದು ವರ್ಷಗಳ ಬಾಳು ಒಂದು ರಟ್ಟಿನ ಹೊದಿಕೆಯ ಒಳಗೆ ಅಡಗಿರುತ್ತದೆ. ವಿಚಿತ್ರವೆಂದರೆ, ಆ ಪುಸ್ತಕ ಯಾರದೋ ಅವನ ಕೈಗೆ ಅದು ಸಿಗುವುದು ಅಪರೂಪ. ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಅದು ಭದ್ರವಾಗಿರುತ್ತದೆ. ನನ್ನ ಸೇವಾಪುಸ್ತಕವನ್ನು ಇಡೀ ಸೇವಾವಧಿಯಲ್ಲಿ ನಾನು ಮೂರೇ ಬಾರಿ ಕಂಡಿದ್ದೇನೆ.

ನೌಕರರ ಬಗ್ಗೆ ಹೀಗೆ ಕ್ರಮಬದ್ಧವಾಗಿ ಯೋಚಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಂಸ್ಥಾನವು ಉನ್ನತ ಅಧಿಕಾರಿಗಳನ್ನು ಸ್ಪರ್ಧಾ ಪರೀಕ್ಷೆಯ ಮೂಲಕ ಆರಿಸತೊಡಗಿತು. ಅದೇ ವರ್ಷ ಸರಕಾರಿ ನೌಕರರ ಜೀವವಿಮೆಗಾಗಿ ಒಂದು ಇಲಾಖೆಯನ್ನೂ ತೆರೆಯಿತು. ಇಂದಿನ ಕರ್ನಾಟಕ ಸರಕಾರಿ ವಿಮಾ ಇಲಾಖೆ ಅದರ ಮುಂದುವರಿಕೆಯೇ. ನಿಮ್ಮ ಗುರುಗಳನ್ನು ಕೇಳಿ ನೋಡಿ. ಆ ಇಲಾಖೆ ಕೊಟ್ಟ 'ಕೆಜಿಐಡಿ' ಸಂಖ್ಯೆಯನ್ನು ಹಲವರು ತಮ್ಮ ದೂರವಾಣಿ ಸಂಖ್ಯೆಯಂತೆಯೇ ಬಾಯಿಪಾಠವಾಗಿ ಹೇಳಬಲ್ಲರು. ಅದಕ್ಕೆ ಕಾರಣವಿದೆ. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ಸರಕಾರ ತನ್ನ ನೌಕರರ ಸಂಬಳ ಹಾಗೂ ಸೇವಾವಿವರಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಒಬ್ಬೊಬ್ಬ ನೌಕರನನ್ನೂ ಗುರುತಿಸಲು ಬಳಕೆಗೆ ಬಂದದ್ದು ಆ ಸಂಖ್ಯೆಯೇ. ಈ ವ್ಯವಸ್ಥೆಯನ್ನು ನೌಕರರು ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳಿಂದ 'ಎಚ್‌ಆರ್‌ಎಂಎಸ್' ಎಂದು ಕರೆಯುತ್ತಾರೆ. ಮಾನವ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆ ಎಂಬುದು ಅದರ ಕನ್ನಡ ರೂಪ. 'ಮಾನವ ಸಂಪನ್ಮೂಲ' ಎಂಬ ಮಾತು ನನಗೆ ಅಷ್ಟಾಗಿ ಹಿಡಿಸಿಲ್ಲ. ಕಾಡು, ಅದಿರು, ನದಿಯ ನೀರು ಇವು ಸಂಪನ್ಮೂಲಗಳು. ಬಳಸಿದಷ್ಟೂ ಬಳಸುವವನ ಸ್ವತ್ತು. ಮನುಷ್ಯನನ್ನು ಆ ಸಾಲಿನಲ್ಲಿ ನಿಲ್ಲಿಸಿದವರು ಯಾರೋ ತಿಳಿಯದು. ಆದರೆ ಮಾತು ಬೇರೂರಿಬಿಟ್ಟಿದೆ.

ಕಂಪ್ಯೂಟರಿನಿಂದ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡವನು. ಹಿಂದೆ ತಿಂಗಳ ಕೊನೆಯ ವಾರ ಬಂತೆಂದರೆ ಶಾಲೆಯ ಗುಮಾಸ್ತರಿಗೆ ನಿದ್ದೆಯಿಲ್ಲ. ಸಂಬಳದ ಬಿಲ್ಲನ್ನು ಕೈಯಲ್ಲಿ ಬರೆದು, ಕೂಡಿಸಿ ಕಳೆದು, ಪ್ರತಿ ಮಾಡಿ ಖಜಾನೆಗೆ ಒಯ್ಯಬೇಕಾಗಿತ್ತು. ಒಂದು ಅಂಕೆ ತಪ್ಪಿದರೆ ಬಿಲ್ಲು ಹಿಂದಕ್ಕೆ ಬರುತ್ತಿತ್ತು. ಎಲ್ಲರ ಮನೆಯ ದಿನಸಿಯೂ ಹತ್ತು ದಿನ ಹಿಂದೆ ಬೀಳುತ್ತಿತ್ತು. ಈಗ ಸಂಬಳ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಅದಕ್ಕಿಂತ ದೊಡ್ಡ ಬದಲಾವಣೆ ಶಿಕ್ಷಕರ ವರ್ಗಾವಣೆಯಲ್ಲಿ ಆಯಿತು. ಒಂದು ಕಾಲದಲ್ಲಿ ಊರಿನ ಸಮೀಪಕ್ಕೆ ವರ್ಗ ಬೇಕಾದವರು ಪ್ರಭಾವಶಾಲಿಗಳ ಮನೆ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. 2007ರಲ್ಲಿ ಕರ್ನಾಟಕವು ಶಿಕ್ಷಕರ ವರ್ಗಾವಣೆಗೆಂದೇ ಒಂದು ಕಾನೂನನ್ನು ಮಾಡಿತು. ಯಾರು ಯಾವ ವಲಯದಲ್ಲಿ ಎಷ್ಟು ವರ್ಷ ದುಡಿದಿದ್ದಾರೆಂಬ ಲೆಕ್ಕದಿಂದ ಆದ್ಯತೆಯ ಪಟ್ಟಿ ಸಿದ್ಧವಾಗತೊಡಗಿತು. ಖಾಲಿ ಇರುವ ಸ್ಥಳಗಳು ಎಲ್ಲರ ಕಣ್ಣೆದುರಿಗೆ ಪರದೆಯ ಮೇಲೆ ಮೂಡತೊಡಗಿದುವು. ಸರದಿ ಬಂದಾಗ ಶಿಕ್ಷಕಿ ತಾನೇ ಒಂದು ಶಾಲೆಯನ್ನು ಆರಿಸಿಕೊಳ್ಳುತ್ತಾಳೆ. ದೂರದ ಹಳ್ಳಿಯಲ್ಲಿ ಯಾರ ಶಿಫಾರಸೂ ಇಲ್ಲದೆ ದುಡಿದವಳ ಹನ್ನೆರಡು ವರ್ಷಗಳಿಗೆ ಅಲ್ಲಿ ಬೆಲೆ ಬರುತ್ತದೆ. ಈ ಪದ್ಧತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಆದರೂ ಪಟ್ಟಿಯೊಂದು ಬಹಿರಂಗವಾಗಿರುವುದಕ್ಕೂ ಗುಟ್ಟಾಗಿರುವುದಕ್ಕೂ ಇರುವ ಅಂತರವನ್ನು ಅನುಭವಿಸಿದವರೇ ಬಲ್ಲರು.

ಇನ್ನು 'ಕ್ಲೌಡ್' ಎಂಬ ಪದ. ಕನ್ನಡದಲ್ಲಿ ಮೋಡವೆಂದರ್ಥ. ಕಾರ್ಮಿಕರ ವಿವರಗಳನ್ನು ಕ್ಲೌಡಿನಲ್ಲಿ ಇಟ್ಟಿದ್ದೇವೆಂದು ಕಾರ್ಖಾನೆಯವರು ಹೇಳುವುದನ್ನು ನೀವು ಕೇಳಿರಬಹುದು. ಇದನ್ನು ಬೆಂಗಳೂರಿನ ನೀರಿನ ಕಥೆಯಿಂದ ಸುಲಭವಾಗಿ ತಿಳಿಯಬಹುದು. ಹಿಂದೆ ಪೇಟೆಯ ಜನ ತಂತಮ್ಮ ಬಾವಿಗಳಿಂದಲೂ ಹತ್ತಿರದ ಕೆರೆ, ಕಲ್ಯಾಣಿಗಳಿಂದಲೂ ನೀರು ತರುತ್ತಿದ್ದರು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1974ರಲ್ಲಿ ಕಾವೇರಿಯ ನೀರು ನಗರವನ್ನು ಮುಟ್ಟಿತು. ಬಾವಿ ತೋಡಿಸುವ, ಹೂಳೆತ್ತಿಸುವ ಹೊಣೆ ಮನೆಯವರಿಂದ ತಪ್ಪಿತು. ನಲ್ಲಿ ತಿರುಗಿಸಿದರೆ ನೀರು, ತಿಂಗಳಿಗೊಮ್ಮೆ ಹಣ. ಕ್ಲೌಡ್ ಎಂಬುದೂ ಹೀಗೆಯೇ. ಪ್ರತಿಯೊಂದು ಕಾರ್ಖಾನೆಯೂ ದೊಡ್ಡ ಕಂಪ್ಯೂಟರನ್ನು ಕೊಂಡು, ಅದನ್ನು ನೋಡಿಕೊಳ್ಳಲು ಜನರನ್ನಿಟ್ಟು ತನ್ನ ಲೆಕ್ಕವನ್ನು ಇಟ್ಟುಕೊಳ್ಳುವುದಕ್ಕೆ ಬದಲಾಗಿ, ಬೇರೊಂದೆಡೆ ಇರುವ ಭಾರಿ ಕಂಪ್ಯೂಟರ್‌ಗಳಲ್ಲಿ ಬಾಡಿಗೆಗೆ ಜಾಗ ಪಡೆಯುತ್ತದೆ. ದಾಖಲೆಗಳು ಅಂತರಜಾಲದ ಮೂಲಕ ಅಲ್ಲಿಗೆ ಹೋಗುತ್ತವೆ, ಬೇಕಾದಾಗ ಬರುತ್ತವೆ. ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ. ನೆಲದ ಮೇಲಿನ ಕಟ್ಟಡಗಳಲ್ಲಿ ಹಗಲಿರುಳೂ ವಿದ್ಯುತ್ತನ್ನು ಹೀರುತ್ತ ನಡೆಯುವ ಯಂತ್ರಗಳ ಸಾಲುಗಳೇ ಆ ಮೋಡ.

ಬಡ ಹಾಗೂ ಬೆಳೆಯುತ್ತಿರುವ ನಾಡುಗಳಿಗೆ ಇದರಿಂದ ವಿಶೇಷ ಪ್ರಯೋಜನವಿದೆ ಎಂಬುದು ಸುಳ್ಳಲ್ಲ. ಒಂದು ಕಾಲದಲ್ಲಿ ಸಾವಿರಾರು ಜನರಿರುವ ಸಂಸ್ಥೆಗಳು ಮಾತ್ರ ಇಂತಹ ವ್ಯವಸ್ಥೆಯ ಖರ್ಚನ್ನು ಹೊರಬಲ್ಲವಾಗಿದ್ದುವು. ಈಗ ಪೀಣ್ಯದಲ್ಲಿ ಮೂವತ್ತು ಜನರನ್ನಿಟ್ಟುಕೊಂಡು ಯಂತ್ರದ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಯಾಗಾರದವನೂ ತಲೆಗಿಷ್ಟೆಂದು ತಿಂಗಳ ಬಾಡಿಗೆ ಕೊಟ್ಟು ಅದನ್ನು ಬಳಸಬಹುದು. 1994ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಗ್ರೇಟಿಪ್ ಎಂಬ ಸಂಸ್ಥೆಯಂತಹವು ಇಂತಹ ಉದ್ದಿಮೆಗಳಿಗೆಂದೇ ತಂತ್ರಾಂಶವನ್ನು ಒದಗಿಸುತ್ತಿವೆ. ಹಾಜರಿ, ರಜೆ, ಸಂಬಳ, ಭವಿಷ್ಯನಿಧಿಯ ಕಡಿತ, ಇಎಸ್‌ಐ ಕಂತು ಇವೆಲ್ಲ ತಾವಾಗಿಯೇ ಲೆಕ್ಕವಾಗುತ್ತವೆ. ಮಾಲೀಕನು ಕಂತನ್ನು ಕಟ್ಟದಿದ್ದರೆ ಅದು ದಾಖಲೆಯಲ್ಲಿ ಕಾಣುತ್ತದೆ. ಕಾರ್ಮಿಕನು ತನ್ನ ಮೊಬೈಲಿನಲ್ಲಿಯೇ ನೋಡಿಕೊಳ್ಳಬಹುದು. ಹೆಸರೇ ಇಲ್ಲದೆ ದುಡಿದು ಹೆಸರೇ ಇಲ್ಲದೆ ಹೊರಬೀಳುತ್ತಿದ್ದವರಿಗೆ ಒಂದು ಹೆಸರು ಮತ್ತು ಒಂದು ಸಂಖ್ಯೆ ದೊರೆಯುವುದು ಸಣ್ಣ ವಿಷಯವಲ್ಲ.

ಆದರೆ ನೀರು ಎಷ್ಟೇ ದೊಡ್ಡ ಜಲಾಶಯದಿಂದ ಬಂದರೂ ಅದರೊಳಗೆ ಏನು ಸೇರಿತೋ ಅದೇ ನಲ್ಲಿಯಲ್ಲಿಯೂ ಬರುತ್ತದೆಯಲ್ಲವೆ? ದಾಖಲೆಯ ವಿಷಯವೂ ಹಾಗೆಯೇ ಎಂಬುದನ್ನು ನಾನು ನನ್ನ ನಿವೃತ್ತಿಯ ಹಿಂದಿನ ವರ್ಷ ಕಲಿತೆ. ನಾನು ಸೇವೆಗೆ ಸೇರಿದ್ದು 1986ರಲ್ಲಿ. ಸೇವಾಪುಸ್ತಕದಲ್ಲಿ ಅದನ್ನು ಕನ್ನಡ ಅಂಕಿಗಳಲ್ಲಿ ೧೯೮೬ ಎಂದು ಬರೆದಿದ್ದರು. ವಿವರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ದಿನಗಳಲ್ಲಿ, ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಯಾರೋ ಆ ಕೊನೆಯ ಅಂಕಿಯನ್ನು ೯ ಎಂದು ಓದಿಕೊಂಡರು. ೬ಕ್ಕೂ ೯ಕ್ಕೂ ಬಾಲ ಯಾವ ಕಡೆಗೆ ತಿರುಗಿದೆಯೆಂಬುದಷ್ಟೇ ವ್ಯತ್ಯಾಸ. ಶಾಯಿ ಮಸುಕಾಗಿತ್ತು, ಕೆಲಸದ ಒತ್ತಡವಿತ್ತು, ಅವರನ್ನು ದೂರಲಾರೆ. ಸಂಬಳ ಸರಿಯಾಗಿಯೇ ಬರುತ್ತಿದ್ದುದರಿಂದ ನಾನೂ ನೋಡಲಿಲ್ಲ. ಪಿಂಚಣಿಯ ಕಾಗದಗಳು ಸಿದ್ಧವಾಗುವಾಗ ನನ್ನ ಸೇವೆಯಲ್ಲಿ ಮೂರು ವರ್ಷಗಳು ಕಡಿಮೆಯಾಗಿದ್ದುವು! ಮೂರು ವರ್ಷಗಳಲ್ಲಿ ನಾನು ಪಾಠ ಹೇಳಿದ ಮಕ್ಕಳ ಮುಖಗಳು ನನ್ನ ಕಣ್ಣಮುಂದೆ ಇದ್ದುವು. ಯಂತ್ರದ ಪ್ರಕಾರ ನಾನು ಆಗ ಶಿಕ್ಷಕನೇ ಆಗಿರಲಿಲ್ಲ. ಆಗ ನನ್ನನ್ನು ಉಳಿಸಿದ್ದು ಬೀರುವಿನ ಒಳಗಿದ್ದ ಆ ರಟ್ಟಿನ ಪುಸ್ತಕ, ಅದರ ಜೊತೆಗೆ ನಾನು ಮನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕರ್ತವ್ಯಕ್ಕೆ ಹಾಜರಾದ ವರದಿಯ ನಕಲು. ನಾಲ್ಕು ತಿಂಗಳು ಅಲೆದ ಮೇಲೆ ತಿದ್ದುಪಡಿಯಾಯಿತು.

ನನಗೆ ಓದು ಬರಹ ಬರುತ್ತಿತ್ತು, ಕೇಳುವ ಧೈರ್ಯವಿತ್ತು, ಕಾಗದವಿತ್ತು. ಇವು ಮೂರೂ ಇಲ್ಲದವರ ಗತಿಯೇನು?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹದಿನಾರು ವರ್ಷ ಹೊಲಿಗೆಯ ಕೆಲಸ ಮಾಡಿದವಳು. ಕಾಲರು ಕೂಡಿಸುವುದರಲ್ಲಿ ಅವಳ ಕೈ ಬಹಳ ಚುರುಕು. ಒಂದು ಭಾನುವಾರ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಮೊಬೈಲಿನಲ್ಲಿ ನನ್ನ ಪಿಎಫ್ ಎಷ್ಟು ವರ್ಷದ್ದಿದೆ ನೋಡಿ ಹೇಳ್ತೀರಾ?" ಎಂದು ಕೇಳಿದಳು. ನೋಡಿದರೆ ಆರು ವರ್ಷ. ಅವಳು ನಂಬಲಿಲ್ಲ. "ಹದಿನಾರು ವರ್ಷದಿಂದ ಸಂಬಳದಲ್ಲಿ ಹಿಡೀತಾನೇ ಇದ್ದರಲ್ಲ" ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. 1952ರ ಕಾನೂನಿನಿಂದ ಆರಂಭವಾದ ಪದ್ಧತಿಯ ಪ್ರಕಾರ ಕಾರ್ಖಾನೆಯ ಕಾರ್ಮಿಕನ ಸಂಬಳದಲ್ಲಿ ಒಂದು ಭಾಗವನ್ನು ಭವಿಷ್ಯನಿಧಿಗೆ ಹಿಡಿಯುತ್ತಾರೆ. ಮಾಲೀಕನೂ ತನ್ನ ಪಾಲನ್ನು ಸೇರಿಸಬೇಕು. ಮಾಲೀಕನ ಪಾಲಿನಲ್ಲಿ ಒಂದಂಶ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಒಟ್ಟು ಹತ್ತು ವರ್ಷಗಳ ಸೇವೆಯಿದ್ದರೆ ಐವತ್ತೆಂಟನೆಯ ವಯಸ್ಸಿನಿಂದ ತಿಂಗಳು ತಿಂಗಳೂ ಪಿಂಚಣಿ. ಇಲ್ಲದಿದ್ದರೆ ಒಮ್ಮೆ ಸ್ವಲ್ಪ ಹಣ ಕೈಗೆ ಬಂದು ಅಲ್ಲಿಗೆ ಮುಗಿಯಿತು. ಹಿಂದೆ ಕಾರ್ಮಿಕನು ಕಾರ್ಖಾನೆ ಬದಲಾಯಿಸಿದಾಗಲೆಲ್ಲ ಹೊಸದೊಂದು ಸಂಖ್ಯೆ ಬರುತ್ತಿತ್ತು. 2014ರಲ್ಲಿ, ಎಲ್ಲಿ ದುಡಿದರೂ ಬದಲಾಗದ ಒಂದೇ ಸಂಖ್ಯೆಯನ್ನು ದೇಶಕ್ಕೆಲ್ಲ ಜಾರಿಗೆ ತಂದರು. ಬಹಳ ಒಳ್ಳೆಯ ಏರ್ಪಾಡು. ಆದರೆ ಅದಕ್ಕೆ ಹಿಂದಿನ ಸಂಖ್ಯೆಗಳನ್ನು ಈ ಹೊಸದಕ್ಕೆ ಜೋಡಿಸಬೇಕಾಗಿತ್ತು. ಜೋಡಿಸಬೇಕಾದರೆ ಎರಡು ಕಡೆಯ ಹೆಸರು, ಜನ್ಮದಿನ, ತಂದೆಯ ಅಥವಾ ಗಂಡನ ಹೆಸರು ಇವು ಹೊಂದಬೇಕು.

ಈಕೆ ನಾಲ್ಕು ಕಾರ್ಖಾನೆಗಳಲ್ಲಿ ದುಡಿದಿದ್ದಳು: ಮೊದಲನೆಯದರಲ್ಲಿ ನಾಲ್ಕು ವರ್ಷ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಮೂರು, ಕೊನೆಯದರಲ್ಲಿ ಆರು. ಅವಳ ಹೆಸರಿನಲ್ಲಿಯೂ ನಮ್ಮ ಬಡಾವಣೆಯ ಹೆಸರಿನಂತೆ ಒಂದು 'ಕ್ಷ' ಇತ್ತು. ಒಬ್ಬ ಗುಮಾಸ್ತ ಅದನ್ನು ಮೂರಕ್ಷರದಲ್ಲಿ ಬರೆದ, ಇನ್ನೊಬ್ಬ ಒಂದಕ್ಷರದಲ್ಲಿ. ಒಂದು ಕಡೆ ತಂದೆಯ ಊರಿನ ಮೊದಲಕ್ಷರ ಹೆಸರಿನ ಹಿಂದೆ ಇತ್ತು. ಮತ್ತೊಂದು ಕಡೆ ಗಂಡನ ಹೆಸರಿನ ಮೊದಲಕ್ಷರ ಮುಂದೆ ಬಂದಿತ್ತು. ಹಳೆಯ ಮೈಸೂರಿನ ಕಡೆಯ ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದೇ ಇಲ್ಲ. ಅರ್ಜಿಯಲ್ಲಿ ಅದಕ್ಕೊಂದು ಖಾನೆ ಇದ್ದೇ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಯಂತ್ರ ಒಪ್ಪದು. ಅಲ್ಲಿಗೆ ಯಾರಿಗೆ ಏನು ತೋಚಿತೋ ಅದನ್ನು ತುಂಬಿದರು. ಶಾಲೆಗೆ ಹೆಚ್ಚು ದಿನ ಹೋಗದ ಅವಳಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ. ಒಬ್ಬರು ಜನವರಿ ಒಂದೆಂದರು, ಒಬ್ಬರು ಜೂನ್ ಒಂದೆಂದರು. ಹೀಗೆ ಒಬ್ಬಳೇ ಹೆಣ್ಣುಮಗಳು ದಾಖಲೆಯಲ್ಲಿ ನಾಲ್ವರಾಗಿದ್ದಳು. ಆ ನಾಲ್ವರಲ್ಲಿ ಒಬ್ಬಳಿಗೂ ಪಿಂಚಣಿಗೆ ಬೇಕಾದ ಹತ್ತು ವರ್ಷಗಳಿರಲಿಲ್ಲ.

ಭವಿಷ್ಯನಿಧಿಯೆಂದರೆ ಈ ಹೆಣ್ಣುಮಕ್ಕಳಿಗೆ ಏನೆಂಬುದನ್ನು ಬೆಂಗಳೂರು ಒಮ್ಮೆ ಕಂಡಿತು. ಮಾಲೀಕರು ಕಟ್ಟಿದ ಪಾಲನ್ನು ಐವತ್ತೆಂಟು ವರ್ಷಗಳಾಗುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರಕಾರ 2016ರ ಆರಂಭದಲ್ಲಿ ನಿಯಮ ಮಾಡಿದಾಗ, ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಸಿದ್ಧ ಉಡುಪಿನ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಬೀದಿಗೆ ಬಂದರು. ಮಗಳ ಮದುವೆ, ಗಂಡನ ಆಸ್ಪತ್ರೆ, ಊರಿನ ಸಾಲ ಇವುಗಳಿಗೆಲ್ಲ ಇದ್ದದ್ದು ಅದೊಂದೇ ಗಂಟು. ಎರಡನೆಯ ದಿನ ಹಿಂಸೆಯೂ ನಡೆಯಿತು. ಅದು ವಿಷಾದದ ಸಂಗತಿ. ಅಂದೇ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೂರದ ಕಚೇರಿಯೊಂದರಲ್ಲಿ ಬದಲಾದ ಒಂದು ಸಾಲು ಎಷ್ಟು ಮನೆಗಳ ಒಲೆಯನ್ನು ಮುಟ್ಟುತ್ತದೆಂಬುದು ಆ ಎರಡು ದಿನಗಳಲ್ಲಿ ತಿಳಿಯಿತು.

ದುಡಿಮೆಯ ದಿನಗಳನ್ನು ಎಣಿಸುವುದರಲ್ಲಿಯೇ ಇಷ್ಟು ತೊಡಕಿದ್ದರೆ, ದುಡಿಯುವವರ ಪ್ರತಿಭೆಯನ್ನು ಅಳೆಯುವ ಕೆಲಸ ಇನ್ನೂ ಕಠಿನ. ಇಂದಿನ ತಂತ್ರಾಂಶಗಳು ಅದಕ್ಕೂ ಕೈಹಾಕಿವೆ. ಇದನ್ನು 'ಪ್ರತಿಭಾ ನಿರ್ವಹಣೆ' ಎನ್ನುತ್ತಾರೆ. ಯಾರಿಗೆ ಯಾವ ಕೆಲಸ ಬರುತ್ತದೆ, ಯಾರು ಎಷ್ಟು ವೇಗದವರು, ಯಾರನ್ನು ಮೇಲಿನ ಹುದ್ದೆಗೆ ಸಿದ್ಧಗೊಳಿಸಬಹುದು ಎಂಬುದಕ್ಕೆಲ್ಲ ಅಲ್ಲಿ ಖಾನೆಗಳಿವೆ, ಅಂಕಗಳಿವೆ. ನಮ್ಮ ಬೀದಿಯ ಈ ಹೆಣ್ಣುಮಗಳ ಖಾನೆಯಲ್ಲಿ 'ಟೈಲರ್' ಎಂದಿತ್ತು. ಜೊತೆಗೆ ಗಂಟೆಗೆ ಎಷ್ಟು ತುಂಡು ಹೊಲಿಯುತ್ತಾಳೆಂಬ ಲೆಕ್ಕ. ಸೂಜಿ ಮುರಿಯುವ ಮೊದಲೇ ಯಂತ್ರದ ಸದ್ದಿನಿಂದ ಅದನ್ನು ತಿಳಿಯಬಲ್ಲಳೆಂಬುದು ಅಲ್ಲಿರಲಿಲ್ಲ. ಒಡಿಶಾದಿಂದ ಬಂದ, ಕನ್ನಡದ ಒಂದು ಪದವೂ ತಿಳಿಯದ ಹುಡುಗಿಯರ ಕೈಯ ಮೇಲೆ ತನ್ನ ಕೈಯಿಟ್ಟು ಎರಡೇ ದಿನಗಳಲ್ಲಿ ಹೊಲಿಗೆಯ ಜಾಡು ಹಿಡಿಸುತ್ತಿದ್ದಳೆಂಬುದೂ ಇರಲಿಲ್ಲ. ಇದು ಶಿಕ್ಷಕರ ಗುಣ. ಬ್ಯಾಚಿನ ಮೇಲ್ವಿಚಾರಕಿಯಾಗಲು ಇದಕ್ಕಿಂತ ಹೆಚ್ಚಿನ ಯೋಗ್ಯತೆ ಏನು ಬೇಕು? ಆದರೆ ಅವಳು ಟೈಲರಾಗಿ ಸೇರಿ ಟೈಲರಾಗಿಯೇ ಹೊರಬಂದಳು.

ಅಳತೆಗೋಲಿನ ಆಚೆಗೆ ಉಳಿಯುವವರ ಪ್ರಶ್ನೆಯೂ ನಮಗೆ ಹೊಸದಲ್ಲ. 1891ರ ಪರೀಕ್ಷೆ ನ್ಯಾಯವಾಗಿಯೇ ನಡೆಯುತ್ತಿದ್ದಿರಬಹುದು. ಆದರೆ ಇಂಗ್ಲಿಷ್ ಶಾಲೆಯ ಮುಖವನ್ನೇ ಕಾಣದ ಸಮುದಾಯಗಳ ಮಕ್ಕಳು ಅದರ ಬಾಗಿಲಿಗೆ ಬರುವುದು ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ ಇದನ್ನೇ ಕೇಳಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆಯೂ ಹಿಂದುಳಿದವರಿಗೆ ಅವಕಾಶ ಸಿಗಬೇಕೆಂದು ಆ ಸಮಿತಿ ಸಲಹೆ ಮಾಡಿತು.

ನಮ್ಮ ಕಾಲದ ಒಂದು ಅಧ್ಯಯನವನ್ನೂ ನೋಡಿ. ಬೆಂಗಳೂರಿನ ಐದು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ, ಲಾಟರಿಯ ಮೂಲಕ ಆರಿಸಿದ ಹೆಣ್ಣುಮಕ್ಕಳಿಗೆ ಕೆಲಸದ ವೇಳೆಯಲ್ಲಿ ತರಬೇತಿ ಕೊಡಲಾಯಿತು. ಕಲಿಸಿದ್ದು ಹೊಲಿಗೆಯನ್ನಲ್ಲ, ನಾಲ್ವರ ಮುಂದೆ ಮಾತನಾಡುವುದು, ಸಮಯವನ್ನು ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಮೇಲಿನವರಿಗೆ ತಿಳಿಸುವುದು ಇಂತಹವನ್ನು. ಮೂವರು ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದು 2023ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇಕಡಾ 13.5ರಷ್ಟು ಹೆಚ್ಚಾಗಿತ್ತು. ಅವರ ಸಂಬಳ ಹೆಚ್ಚಿದ್ದು ಎಷ್ಟು ಗೊತ್ತೇ? ಶೇಕಡಾ ಅರ್ಧ ಮಾತ್ರ! ಒಳಗಿದ್ದ ಶಕ್ತಿ ಹೊರಬಂದಿತು, ಲೆಕ್ಕದಲ್ಲಿಯೂ ಕಂಡಿತು, ಆದರೆ ಅದರ ಬಹುಪಾಲು ಲಾಭ ಕಾರ್ಖಾನೆಯದಾಯಿತು. ತಾನು ಇಷ್ಟು ಬೆಳೆದಿದ್ದೇನೆಂದು ಬೇರೊಂದು ಕಾರ್ಖಾನೆಗೆ ತೋರಿಸಲು ಆಕೆಯ ಕೈಯಲ್ಲಿ ಏನಿದೆ? ಅವಳ ವೇಗದ ಲೆಕ್ಕವೂ ಕಲಿಕೆಯ ಲೆಕ್ಕವೂ ಮಾಲೀಕನ ಬಳಿ ಇರುತ್ತದೆ. ಬೀರುವಿನೊಳಗಿದ್ದ ನನ್ನ ಸೇವಾಪುಸ್ತಕದಂತೆಯೇ ಅದು ಕೂಡ. ಬೀರು ಮೋಡವಾಗಿದೆ, ಅಷ್ಟೆ.

ನಮ್ಮ ಬಗೆಗಿನ ವಿವರಗಳ ಮೇಲೆ ನಮಗೆ ಎಷ್ಟು ಹಕ್ಕಿದೆ? ಈ ಪ್ರಶ್ನೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟವರಲ್ಲಿ ಪ್ರಮುಖರು ಕನ್ನಡ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶಗಳ ರಕ್ಷಣೆಯ ಕಾನೂನಿನಲ್ಲಿ, ತನ್ನ ವಿವರಗಳಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕನ್ನೂ ಸೇರಿಸಲಾಗಿದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇದೆಲ್ಲ ದೊಡ್ಡವರ ವಿಷಯವೆಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ನಿಮ್ಮ ಶಾಲೆಯ ಪ್ರವೇಶ ದಾಖಲಾತಿ ವಹಿಯಲ್ಲಿ ನಿಮಗೊಂದು ಸಾಲು ಇದೆ. ರಾಜ್ಯದ ಶಿಕ್ಷಣ ಇಲಾಖೆಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಗೆ 'ಸ್ಯಾಟ್ಸ್' ಸಂಖ್ಯೆಯೊಂದಿದೆ. ನೀವು ಯಾವ ಶಾಲೆಯಿಂದ ಯಾವ ಶಾಲೆಗೆ ಹೋದರೂ ಅದು ನಿಮ್ಮ ಹಿಂದೆಯೇ ಬರುತ್ತದೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನಿಮ್ಮ ವಿವರಗಳನ್ನು ಕಳುಹಿಸುವರು. ಆ ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು ಮತ್ತು ಜನ್ಮದಿನವನ್ನೇ ಮುಂದೆ ಎಲ್ಲ ಕಚೇರಿಗಳೂ ಕೇಳುವುದು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಆ ವಿವರಗಳನ್ನು ಕಳುಹಿಸುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕರೆದು ಅವನ ಸಾಲನ್ನು ಅವನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದೆ. ಹೆಚ್ಚಿನವರು ಗಮನವಿಲ್ಲದೆ ಓದಿ ಆಟಕ್ಕೆ ಓಡುತ್ತಿದ್ದರು. ಒಮ್ಮೆ ಒಬ್ಬ ಹುಡುಗ, "ಸಾರ್, ಇದು ನಮ್ಮಪ್ಪನ ಹೆಸರಲ್ಲ" ಎಂದ. ಅವನ ಹೆಸರಿನವನೇ ಆದ ಮತ್ತೊಬ್ಬನ ತಂದೆಯ ಹೆಸರು ಅವನಿಗೆ ಬಂದುಬಿಟ್ಟಿತ್ತು!

ನಮ್ಮ ಬೀದಿಯ ಹೆಣ್ಣುಮಗಳ ವಿಷಯಕ್ಕೆ ಮರಳುತ್ತೇನೆ. ಎರಡನೆಯ ಕಾರ್ಖಾನೆಯ ಹಳೆಯ ಸಂಬಳದ ಚೀಟಿ ಅವಳ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಸಿಕ್ಕಿತು. ಅದರಲ್ಲಿದ್ದ ಸಂಖ್ಯೆಯಿಂದ ಆ ಮೂರು ವರ್ಷಗಳು ಸೇರಿದುವು, ಒಂಬತ್ತಾಯಿತು. ಮೂರನೆಯದಕ್ಕೆ, ಈ ಇಬ್ಬರೂ ಒಬ್ಬಳೇ ಎಂದು ಕಾರ್ಮಿಕಳೂ ಮಾಲೀಕನೂ ಒಟ್ಟಿಗೆ ಸಹಿಮಾಡಿದ ಘೋಷಣಾಪತ್ರ ಬೇಕಾಗಿತ್ತು. ಆ ಕಾರ್ಖಾನೆಯ ಬಾಗಿಲಿಗೆ ನಾವು ಐದು ಬಾರಿ ಹೋದೆವು. ಕೊನೆಗೆ ಅಲ್ಲಿಯ ಒಬ್ಬ ವಯಸ್ಸಾದ ಅಧಿಕಾರಿ ಅವಳ ಮುಖವನ್ನು ನೋಡಿ, "ನೀನು ಕಾಲರಿನವಳಲ್ಲವೇನಮ್ಮ?" ಎಂದರು. ಯಾವ ಖಾನೆಯಲ್ಲಿಯೂ ಇಲ್ಲದ ಗುರುತು ಅದು. ಅಂದೇ ಸಹಿಯಾಯಿತು. ಏಳು ತಿಂಗಳ ಮೇಲೆ ಮೊಬೈಲಿನಲ್ಲಿ ಹನ್ನೆರಡು ವರ್ಷವೆಂದು ತೋರಿತು. ಮೊದಲನೆಯ ಕಾರ್ಖಾನೆ ಮುಚ್ಚಿಹೋಗಿ ಬಹಳ ಕಾಲವಾಗಿದೆ; ಅದಿದ್ದ ಜಾಗದಲ್ಲಿ ಈಗ ವಸತಿ ಸಮುಚ್ಚಯವಿದೆ. ಅಲ್ಲಿ ದುಡಿದ ನಾಲ್ಕು ವರ್ಷಗಳು ಇನ್ನೂ ಸಿಕ್ಕಿಲ್ಲ.

ಕಳೆದ ತಿಂಗಳು ಅವಳು ಮತ್ತೆ ಬಂದಳು. ಜೊತೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳಿದ್ದಳು. ಶಾಲೆಯಲ್ಲಿ ಕೊಟ್ಟ ವಿವರಗಳ ಹಾಳೆಯನ್ನು ಮೇಜಿನ ಮೇಲೆ ಹರಡಿ, "ಮೇಷ್ಟ್ರೇ, ನನ್ನ ಹೆಸರು ಇದರಲ್ಲಿ ಹೇಗೆ ಬರೆದಿದ್ದಾರೆ, ಓದಿಸಿ" ಎಂದಳು. ಹುಡುಗಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಹೋದಳು. ತಾಯಿ ತನ್ನ ಆಧಾರ್ ಚೀಟಿಯ ಮೇಲೆ ಬೆರಳಿಟ್ಟು, ಓದಲು ಬಾರದ ಆ ಅಕ್ಷರಗಳನ್ನು ಆಕಾರದಿಂದಲೇ ಸರಿಹೋಲಿಸುತ್ತ ಕುಳಿತಳು. 'ಕ್ಷ' ಬಂದಾಗ ಇಬ್ಬರೂ ನಿಲ್ಲಿಸಿ ಇನ್ನೊಮ್ಮೆ ನೋಡಿದರು.